ಬಂಗಾರವೂ ಅಲ್ಲ, ಭಂಗಾರವೂ ಅಲ್ಲ



ಗಡಿನಾಡಿನಲ್ಲಿ ಬದುಕುವ ನಮಗೆ ಎರಡು ಭಾಷೆಗಳ ನಡುವೆ ಸಿಕ್ಕಿ ನಗುವ ಪ್ರಸಂಗಗಳು ಆಗಾಗ ಬರುತ್ತವೆ. ನಮ್ಮ ಕನ್ನಡದಲ್ಲಿ 'ಬಂಗಾರ' ಎಂದರೆ ಚಿನ್ನ. ಸೋಲಾಪುರದ ಓಣಿಯಲ್ಲಿ ಕೈಗಾಡಿ ತಳ್ಳುತ್ತ ಬರುವವನು 'ಭಂಗಾರ' ಎಂದು ಕೂಗಿದರೆ ಅದು ಮರಾಠಿ. ಹಳೆಯ ಕಬ್ಬಿಣ, ತಗಡು, ಮುರುಕು ಸಾಮಾನು ಕೊಳ್ಳುತ್ತೇನೆ ಎಂದು ಅದರ ಅರ್ಥ. ಒಂದು ಮಹಾಪ್ರಾಣದ ಅಂತರ, ಅಷ್ಟೇ. ಆ ಒಂದು ಅಕ್ಷರ ನಮ್ಮ ಮನೆಯಲ್ಲಿ ಹೋದ ದೀಪಾವಳಿಯಲ್ಲಿ ಮಾಡಿದ ಗಲಿಬಿಲಿಯನ್ನು ಈ ತಿಂಗಳು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಹಳೆಯ ಮನೆ ಬಿಟ್ಟು ಚಿಕ್ಕದೊಂದು ಫ್ಲಾಟಿಗೆ ಹೋಗುವುದೆಂದು ನಾವು ನಿಶ್ಚಯಿಸಿದ್ದೆವು. ನಮ್ಮವರಿಗೆ ಈಗ ಅರವತ್ತೆರಡು. ಮೊಣಕಾಲು ಸವೆದಿದೆ, ಇನ್ನು ಓಡಬಾರದು, ಮೆಟ್ಟಿಲು ಹತ್ತಿಳಿಯುವುದನ್ನೂ ಕಡಿಮೆ ಮಾಡಿ ಎಂದು ಡಾಕ್ಟರರು ಹೇಳಿದ್ದರು. ಪುಣೆಯಿಂದ ಮಗ, ಸೊಸೆ ಬಂದಿದ್ದರು. ಅಟ್ಟ ಇಳಿಸಿ ಸಾಮಾನು ಬೇರ್ಪಡಿಸುತ್ತಿದ್ದಾಗ ದೊಡ್ಡದೊಂದು ತಗಡಿನ ಡಬ್ಬಿ ಸಿಕ್ಕಿತು. ತೆರೆದರೆ ನಮ್ಮವರು ಓಟದ ಸ್ಪರ್ಧೆಗಳಲ್ಲಿ ಪಡೆದ ಪದಕಗಳು. ಎಣಿಸಿದರೆ ನಲವತ್ತಮೂರು. ಮಗ ವ್ಯಾಪಾರಿಯ ಮೊಮ್ಮಗನಲ್ಲವೇ, ತಕ್ಕಡಿಗೆ ಹಾಕಿ ನೋಡಿದ. ನಾಲ್ಕು ಕಿಲೋಗೆ ಸ್ವಲ್ಪ ಹೆಚ್ಚು.

"ಅವ್ವಾ, ಇದನ್ನೆಲ್ಲಾ ಭಂಗಾರಕ್ಕ ಹಾಕಿಬಿಡೂಣು. ಹೊಸಾ ಮನ್ಯಾಗ ಇಡಾಕ ಜಾಗಾನೂ ಇಲ್ಲ, ಅಪ್ಪಾ ಇನ್ನ ಓಡೂದೂ ಇಲ್ಲ" ಅಂದ.

ಅವನ ಮಾತಿನಲ್ಲಿ ಕೆಟ್ಟ ಭಾವವಿರಲಿಲ್ಲ. ಆದರೆ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಿಟ್ಟರು. ಮಧ್ಯಾಹ್ನ ಊಟಕ್ಕೂ ತಡವಾಗಿ ಬಂದರು. ಮೂವತ್ತೈದು ವರ್ಷ ಜೊತೆಗೆ ಬಾಳಿದ ನನಗೆ ಆ ಮೌನ ಏನೆಂದು ಗೊತ್ತು.

ನಿಜ ಹೇಳಬೇಕೆಂದರೆ ಆ ಡಬ್ಬಿಯ ಬಗ್ಗೆ ನನಗೂ ಮೊದಲಿನಿಂದ ಪ್ರೀತಿ ಇರಲಿಲ್ಲ. ೨೦೦೫ರಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ಬೇಳೆ-ಕಾಳಿನ ಅಡತಿ ಅಂಗಡಿ, ಗಾದಿಯ ಮೇಲೆ ಕುಳಿತೇ ದಿನ ಕಳೆಯುವ ಕಸುಬು. ನಡೆಯಿರಿ ಎಂದರು ವೈದ್ಯರು. ಸಿದ್ಧೇಶ್ವರ ಕೆರೆಯ ಕಡೆ ಬೆಳಗಿನ ನಡಿಗೆ ಸುರುವಾಯಿತು, ಆರು ತಿಂಗಳಲ್ಲಿ ನಡಿಗೆ ಓಟವಾಯಿತು. ಆಮೇಲೆ ಮುಂಬೈ, ಸಾತಾರಾ, ಬೆಂಗಳೂರು ಎಂದು ಊರೂರಿನ ಓಟಗಳು. ರೈಲಿನ ಖರ್ಚು, ಪ್ರವೇಶ ಶುಲ್ಕ, ಬೂಟಿನ ಖರ್ಚು ಬೇರೆ. "ರೊಕ್ಕಾ ಕೊಟ್ಟು ದಣಿದು ಬರ್ತೀರಲ್ರೀ" ಎಂದು ನಾನು ಎಷ್ಟು ಸಲ ಅಂದಿದ್ದೇನೋ. ಬಂದ ಪದಕ ಮೂರು ದಿನ ಮೊಳೆಗೆ ತೂಗಾಡುವುದು, ನಾಲ್ಕನೆಯ ದಿನ ಡಬ್ಬಿಗೆ ಸೇರುವುದು.

ವ್ಯಾಪಾರಿ ಮನೆತನದವರು ನಾವು. ಯಾವ ವಸ್ತು ಕೈಗೆ ಬಂದರೂ ಮೊದಲು ದರ ಕೇಳುತ್ತೇವೆ. ಹಾಗಾದರೆ ಪದಕದ ದರ ಎಷ್ಟು?

ಮೊದಲನೆಯದು ಲೋಹದ ದರ. ಇದರಲ್ಲಿ ಏನೂ ಹುರುಳಿಲ್ಲ. ಓಟ ಮುಗಿಸಿದವರಿಗೆಲ್ಲ ಕೊಡುವ ಈ ಪದಕಗಳು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದವು. ಮೇಲೊಂದು ತೆಳು ಲೇಪ. ಇದು ನನಗೆ ಗೊತ್ತಾದದ್ದು ನನ್ನ ತಪ್ಪಿನಿಂದಲೇ. ಒಂದು ಸಲ ಅಕ್ಕರೆ ಉಕ್ಕಿ ಒಂದು ಪದಕವನ್ನು ಪೂಜೆಯ ಪಾತ್ರೆಗಳ ಜೊತೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹೊಳಪು ಬರುವ ಬದಲು ಹಳದಿ ಬಣ್ಣವೇ ಎದ್ದುಹೋಗಿ ಬೂದು ಲೋಹ ಕಂಡಿತು. ಅಳುಮೋರೆ ಮಾಡಿಕೊಂಡು ತೋರಿಸಿದರೆ ಅವರು ನಕ್ಕರು: "ಬಣ್ಣ ಹೋತು, ಓಡಿದ್ದೇನು ಹೋಗಲಿಲ್ಲಲಾ?"

ಇನ್ನು ಒಲಿಂಪಿಕ್ಸಿನ ಚಿನ್ನದ ಪದಕವಾದರೂ ಪೂರ್ತಿ ಚಿನ್ನದ್ದೆಂದು ತಿಳಿಯಬೇಡಿ. ಅಪ್ಪಟ ಚಿನ್ನದ ಪದಕ ಕೊಟ್ಟದ್ದು ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೇ ಕೊನೆ. ಈಗಿನದು ಬಹುಪಾಲು ಬೆಳ್ಳಿ, ಮೇಲೆ ಕನಿಷ್ಠ ೬ ಗ್ರಾಂ ಚಿನ್ನದ ಲೇಪ. ೨೦೨೪ರ ಪ್ಯಾರಿಸ್ ಪದಕಗಳ ನಡುವೆ ಐಫೆಲ್ ಗೋಪುರದಿಂದ ಹಿಂದೆ ತೆಗೆದಿಟ್ಟಿದ್ದ ಕಬ್ಬಿಣದ ೧೮ ಗ್ರಾಮಿನ ತುಂಡನ್ನು ಕೂಡಿಸಿದ್ದರು. ಗೆದ್ದವರು ಚಿನ್ನದಷ್ಟೇ ಅಭಿಮಾನದಿಂದ ಆ ಕಬ್ಬಿಣವನ್ನೂ ತೋರಿಸಿದರು. ಭಂಗಾರದವನ ತಕ್ಕಡಿಯಲ್ಲಿ ಅದಕ್ಕೆ ಏನು ಬಂದೀತು ಹೇಳಿ.

ಎರಡನೆಯದು ಪೇಟೆಯ ದರ. ೧೮೯೬ರಲ್ಲಿ ಅಥೆನ್ಸಿನಲ್ಲಿ ಹೊಸ ಕಾಲದ ಮೊದಲ ಒಲಿಂಪಿಕ್ಸ್ ನಡೆದಾಗ ಮ್ಯಾರಥಾನ್ ಓಟ ಗೆದ್ದವನು ಸ್ಪಿರಿಡಾನ್ ಲೂಯಿಸ್, ನೀರು ಹೊತ್ತು ಮಾರುವ ಮನೆಯವನು. ಅವನಿಗೆ ಗೇಣುದ್ದಕ್ಕೂ ಕಡಿಮೆಯ ಒಂದು ಬೆಳ್ಳಿಯ ಬಟ್ಟಲು ಬಹುಮಾನವಾಗಿ ಬಂತು. ಮನೆತನದವರು ಅದನ್ನು ನೂರು ವರ್ಷಕ್ಕೂ ಮಿಕ್ಕಿ ಕಾಪಾಡಿಕೊಂಡು ಬಂದರು. ೨೦೧೨ರಲ್ಲಿ ಮೊಮ್ಮಗ ಲಂಡನ್ನಿನಲ್ಲಿ ಅದನ್ನು ಹರಾಜಿಗಿಟ್ಟ. ಬಂದ ಬೆಲೆ ೫,೪೧,೨೫೦ ಪೌಂಡು, ಅಂದಿನ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಮಿಕ್ಕಿ. ಕೊಂಡ ಗ್ರೀಕ್ ಪ್ರತಿಷ್ಠಾನ ಅದನ್ನು ಜನರೆಲ್ಲ ನೋಡುವಂತೆ ಇಟ್ಟಿತು. ಮಾರಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾತು ಗಮನಿಸಿ. ಆ ಬೆಲೆ ಬೆಳ್ಳಿಯದಲ್ಲ. ಇದು ಯಾರದು, ಯಾವ ದಿನದ್ದು ಎಂಬ ಕಥೆ ಜೊತೆಗಿದ್ದುದರಿಂದ ಬಂದ ಬೆಲೆ. ಕಥೆ ಮರೆತಿದ್ದರೆ ಅದೂ ಒಂದು ಹಳೆಯ ಬಟ್ಟಲು.

ಈ ಮಾತು ನನಗೆ ನಿಜವಾಗಿ ಮನದಟ್ಟಾದದ್ದು ಇನ್ನೊಂದು ಮನೆಯ ಚೀಲದಿಂದ.

ಕೆರೆಯ ಕಡೆ ಓಡುವಾಗ ನಮ್ಮವರಿಗೆ ಒಬ್ಬ ಕನ್ನಡ ಶಾಲೆಯ ಮಾಸ್ತರರ ಸ್ನೇಹವಾಗಿತ್ತು. ಹದಿನೈದು ವರ್ಷ ಇಬ್ಬರೂ ಜೊತೆಗೇ ಓಡಿದರು. ಮಾಸ್ತರರ ಕಾಲು ಚುರುಕು. ನಮ್ಮವರು ಯಾವಾಗಲೂ ಹಿಂದೆ. ೨೦೧೪ರಲ್ಲಿ ಸಾತಾರಾದ ಘಾಟಿನ ಓಟ. ಯವತೇಶ್ವರ ಘಾಟು ಹತ್ತಿ ಇಳಿದು ಬರುವ ೨೧ ಕಿಲೋಮೀಟರು, ಮಳೆ, ಮಂಜು. ಇಳಿಜಾರಿನಲ್ಲಿ ನಮ್ಮವರ ಮೀನಖಂಡ ಹಿಡಿದುಕೊಂಡಿತು. ರಸ್ತೆಯ ಬದಿಗೆ ಕುಳಿತುಬಿಟ್ಟರು. ಆ ವರ್ಷ ತಮ್ಮ ಹಳೆಯ ವೇಳೆಯನ್ನು ಮುರಿಯಬೇಕೆಂದು ಮಾಸ್ತರರು ನಾಲ್ಕು ತಿಂಗಳು ಸಾಧನೆ ಮಾಡಿದ್ದರು. ಆದರೂ ನಿಂತರು. ಕಾಲು ತಿಕ್ಕಿ ಎಬ್ಬಿಸಿ, ಉಳಿದ ಏಳು ಕಿಲೋಮೀಟರನ್ನು ಇವರ ಹೆಗಲು ಹಿಡಿದು ನಡೆಸಿಕೊಂಡೇ ಬಂದರು. ವೇಳೆ ಮುಗಿಯಲು ಇನ್ನೇನು ಸ್ವಲ್ಪವೇ ಇದ್ದಾಗ ಇಬ್ಬರೂ ಗೆರೆ ದಾಟಿದರು.

೨೦೨೧ರ ಏಪ್ರಿಲ್‌ನಲ್ಲಿ ಕೋವಿಡ್ ಮಾಸ್ತರರನ್ನು ಕೊಂಡೊಯ್ಯಿತು. ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲ. ಕೆಲವು ತಿಂಗಳ ಮೇಲೆ ಅವರ ಮನೆಯವರು ಒಂದು ಬಟ್ಟೆಯ ಚೀಲ ಹಿಡಿದುಕೊಂಡು, ಮಗನನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದರು. ಚೀಲ ನೆಲಕ್ಕಿಟ್ಟು, "ವೈನಿ, ಇವು ಯಾವುದು ಯಾವುದರ್ದು ನಮಗ ಒಂದೂ ಗೊತ್ತಿಲ್ರಿ. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಅಣ್ಣಾವರಿಗೆ ಗೊತ್ತಿರಬೇಕು ಅಂತ ತಂದೀನಿ" ಅಂದರು.

ಆ ಸಂಜೆ ನಮ್ಮವರು ಅಂಗಡಿಗೆ ಹೋಗಲಿಲ್ಲ. ಒಂದೊಂದೇ ಪದಕ ಎತ್ತಿ ಹಿಡಿದು ಹೇಳುತ್ತ ಹೋದರು. ಇದು ನಿಮ್ಮಪ್ಪ ಹೊಸ ಬೂಟು ಕಚ್ಚಿ ಬರಿಗಾಲಲ್ಲಿ ಮುಗಿಸಿದ್ದು, ಇದು ರೈಲು ತಪ್ಪಿ ರಾತ್ರಿಯೆಲ್ಲ ಬಸ್ಸಿನಲ್ಲಿ ನಿಂತು ಹೋಗಿ ಓಡಿದ್ದು. ಹುಡುಗ ಶಾಲೆಯ ನೋಟುಬುಕ್ಕಿನಲ್ಲಿ ಬರೆದುಕೊಂಡ. ಸಾತಾರಾದ್ದು ಕೈಗೆ ಬಂದಾಗ ಮಾತ್ರ ಇವರ ದನಿ ಕಟ್ಟಿತು. "ಇದು ನನ್ನ ಸಲುವಾಗಿ ನಿಮ್ಮಪ್ಪ ಸೋತಿದ್ದು" ಅಂದರು. ಹುಡುಗನಿಗೆ ತನ್ನ ತಂದೆ ಹೀಗೊಬ್ಬ ಮನುಷ್ಯ ಎಂಬುದು ಅಂದೇ ತಿಳಿಯಿತು. ಹನ್ನೆರಡು ಪದಕಗಳಿಗೆ ಇವರು ಕಥೆ ಹೇಳಿದರು. ಐದಾರು ಉಳಿದವು. ಅವು ಇವರ ಸ್ನೇಹಕ್ಕಿಂತ ಹಿಂದಿನವು. ಅವುಗಳ ಸಂಗತಿ ಬಲ್ಲವರು ಈಗ ಯಾರೂ ಇಲ್ಲ. ಅವು ಬರೀ ತಗಡಾಗಿ ಉಳಿದುವು.

ಇದನ್ನೆಲ್ಲ ಕಣ್ಣಾರೆ ಕಂಡ ನಾನೇ ನಮ್ಮ ಮನೆಯ ಡಬ್ಬಿಯ ವಿಷಯದಲ್ಲಿ ಸುಮ್ಮನಿದ್ದೆ ನೋಡಿ! ದೀಪಾವಳಿಯ ಆ ರಾತ್ರಿ ಮಗನನ್ನು ಕರೆದು ಮಾಸ್ತರರ ಚೀಲದ ಕಥೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನೆ ಕುಳಿತ. ಮರುದಿನ ತಾನೇ ಡಬ್ಬಿ ಎತ್ತಿಕೊಂಡು ಬಂದು ಅಪ್ಪನ ಮುಂದೆ ಇಟ್ಟ. "ಅಪ್ಪಾ, ಒಂದೊಂದs ಹೇಳ್ರಿ. ನಾ ಬರಕೋತೀನಿ" ಅಂದ. ಹೊಸ ಕಿರ್ದಿ ಪುಸ್ತಕ ತೆರೆಯುವ ಹಬ್ಬದಲ್ಲಿ ನಮ್ಮ ಮನೆಯಲ್ಲಿ ಹಳೆಯ ಓಟಗಳ ಕಿರ್ದಿ ಸುರುವಾಯಿತು.

೨೦೧೨ರ ಮುಂಬೈ ಪದಕ ಬಂತು. ಅವರ ಮೊದಲ ಪೂರ್ಣ ಮ್ಯಾರಥಾನ್, ೪೨ ಕಿಲೋಮೀಟರಿಗೂ ಮೇಲೆ. ಕತ್ತಲಲ್ಲೇ ಓಟ ಸುರು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಮೇಲೆ. ಅಲ್ಲಿಯವರೆಗೆ ಇವರು ನೀರು ಬಿಟ್ಟು ಬೇರೇನೂ ತೆಗೆದುಕೊಳ್ಳುವವರಲ್ಲ. ಉಳಿದವರು ಹಾದಿಯಲ್ಲಿ ಶಕ್ತಿಗೆಂದು ಹೀರುವ ಒಂದು ಪೊಟ್ಟಣದಲ್ಲಿ ಜೇನು ಸೇರಿದೆಯೆಂದು ಓದಿ ಅದನ್ನೂ ಬಿಟ್ಟಿದ್ದರು. ನಾನು ಶೇಂಗಾ ಉಂಡಿ ಕಟ್ಟಿ ಸಣ್ಣ ಚೀಲದಲ್ಲಿ ಹಾಕಿ ಕೊಟ್ಟಿದ್ದೆ. ಹೊತ್ತು ಹುಟ್ಟಿದ ಮೇಲೆ ಓಡುತ್ತಲೇ ತಿಂದರಂತೆ. ಸೊಸೆ ನಕ್ಕು, "ಹಂಗಾದರ ಇದರಾಗ ಅರ್ಧಾ ಪದಕ ನಿಮ್ಮದು ಅತ್ತಿ" ಅಂದಳು. ಇನ್ನೊಂದು ಪಾಲು ಅಂಗಡಿಯ ಗುಮಾಸ್ತರದು. ಇವರು ಊರಲ್ಲಿಲ್ಲದ ದಿನಗಳಲ್ಲೆಲ್ಲ ಕೀಲಿ ತೆಗೆದು ವ್ಯವಹಾರ ನೋಡಿಕೊಂಡವರು ಅವರು. ರಿಬ್ಬನ್ನು ಒಬ್ಬರ ಕೊರಳಿಗೆ ಬೀಳುತ್ತದೆ, ಭಾರ ನಾಲ್ಕು ಜನ ಹೊತ್ತಿರುತ್ತಾರೆ.

ಬರೆಯುತ್ತಿದ್ದ ಮಗ ಒಮ್ಮೆಲೇ ಕೇಳಿದ: "೨೦೧೦ರದ್ದು ಅದ, ೨೦೧೨ರದ್ದು ಅದ. ನಡುವ ೨೦೧೧ರದ್ದು ಮುಂಬೈದು ಯಾಕಿಲ್ಲ?"

ಇವರು ಉತ್ತರ ಕೊಡಲಿಲ್ಲ. ನಾನೇ ಹೇಳಬೇಕಾಯಿತು. ಆ ವರ್ಷ ಹೆಸರು ಕೊಟ್ಟಿದ್ದರು, ಶುಲ್ಕ ಕಟ್ಟಿದ್ದರು, ರೈಲಿನ ಟಿಕೀಟೂ ಆಗಿತ್ತು. ಆದರೆ ನಮ್ಮ ಅತ್ತೆಯವರು ಹಾಸಿಗೆ ಹಿಡಿದಿದ್ದರು. ಓಟದ ದಿನ ಇವರು ರೂಢಿಯಂತೆ ನಾಲ್ಕಕ್ಕೇ ಎದ್ದರು. ಎದ್ದು, ತಾಯಿಯ ಮಗ್ಗುಲು ಬದಲಿಸಿ, ಬೆನ್ನಿಗೆ ಪುಡಿ ಹಚ್ಚಿ, ಹೊತ್ತು ಹುಟ್ಟುವವರೆಗೂ ಕಾಲು ಒತ್ತುತ್ತ ಕುಳಿತರು. ಮಗ ಆಗ ಕಾಲೇಜಿಗೆಂದು ಪರಊರಿನಲ್ಲಿದ್ದ, ಅವನಿಗೆ ಇದು ಗೊತ್ತಿರಲಿಲ್ಲ. ಅವನು ಪುಸ್ತಕದಲ್ಲಿ '೨೦೧೧' ಎಂದು ಬರೆದು, ಮುಂದೆ 'ಆಯಿಯ ಸೇವೆ' ಎಂದು ಬರೆದ. ಆ ಸಾಲಿಗೆ ಪದಕವಿಲ್ಲ. ಆದರೆ ನನಗೆ ಕೇಳಿದರೆ ಡಬ್ಬಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಖಾಲಿ ಜಾಗವೇ.

ನಮ್ಮ ದೇಶದ ಮಿಲ್ಖಾ ಸಿಂಗರನ್ನು ನೆನೆಯಿರಿ. ೧೯೫೮ರಲ್ಲಿ ಕಾರ್ಡಿಫ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ, ೧೯೫೮ ಮತ್ತು ೧೯೬೨ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ. ಆದರೂ ಜನ ಇಂದಿಗೂ ಮಾತಾಡುವುದು ಪದಕ ಸಿಗದ ಓಟದ ಬಗ್ಗೆ. ೧೯೬೦ರ ರೋಮ್ ಒಲಿಂಪಿಕ್ಸಿನ ೪೦೦ ಮೀಟರಿನಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟರಲ್ಲಿ ಕಂಚು ತಪ್ಪಿ ನಾಲ್ಕನೆಯವರಾದ ಓಟ ಅದು. ತಮ್ಮ ಪದಕಗಳನ್ನೆಲ್ಲ ಅವರು ದೇಶಕ್ಕೇ ಕೊಟ್ಟುಬಿಟ್ಟರು. ಮೊದಲು ದಿಲ್ಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿದ್ದ ಅವು ಆಮೇಲೆ ಪಟಿಯಾಲಾದ ಕ್ರೀಡಾ ಸಂಗ್ರಹಾಲಯಕ್ಕೆ ಹೋದವು. ರೋಮಿನಲ್ಲಿ ಓಡಿದ ಬೂಟನ್ನೂ ೨೦೧೨ರಲ್ಲಿ ಪರೋಪಕಾರದ ಹರಾಜಿಗೆ ಕೊಟ್ಟರು. ೨೦೨೧ರಲ್ಲಿ ಅವರೂ ಕೋವಿಡ್ಡಿನ ಬಾಧೆಯಿಂದಲೇ ತೀರಿಕೊಂಡರು.

ಕೊಡುವುದರಲ್ಲಿ ಇನ್ನೂ ಒಂದು ಮೇಲ್ಪಂಕ್ತಿ ಇದೆ. ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ೫,೦೦೦ ಮೀಟರು, ೧೦,೦೦೦ ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದರು. ಮ್ಯಾರಥಾನನ್ನು ಅವರು ಓಡಿದ್ದೇ ಅಂದು ಮೊದಲ ಸಲ. ಅವರ ನಂತರದ ಪೀಳಿಗೆಯಲ್ಲಿ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಹದಿನೇಳು ವಿಶ್ವದಾಖಲೆ ಮಾಡಿದರೂ ಒಲಿಂಪಿಕ್ ಚಿನ್ನ ಅವರಿಗೆ ಒಲಿಯಲಿಲ್ಲ. ೧೯೬೪ರಲ್ಲಿ ಟೋಕಿಯೊದಲ್ಲಿ ಸಿಕ್ಕ ಕಂಚೇ ಎಲ್ಲ. ೧೯೬೬ರಲ್ಲಿ ಕ್ಲಾರ್ಕ್ ಪ್ರಾಗ್ ನಗರಕ್ಕೆ ಓಡಲು ಹೋದರು. ಮರಳುವಾಗ ಝಾಟೊಪೆಕ್ ವಿಮಾನ ನಿಲ್ದಾಣದವರೆಗೆ ಬಂದು ಸಣ್ಣದೊಂದು ಪೊಟ್ಟಣ ಕೈಗಿತ್ತರು. ವಿಮಾನ ಏರಿದ ಮೇಲೆ ಬಿಚ್ಚಿ ನೋಡಿದರೆ ಒಳಗೆ ಇದ್ದುದು ೧೯೫೨ರ ೧೦,೦೦೦ ಮೀಟರಿನ ಚಿನ್ನದ ಪದಕ! ಯೋಗ್ಯನಿಗೆ ಸಿಗದೆ ಹೋದದ್ದನ್ನು ಯೋಗ್ಯನೊಬ್ಬ ತನ್ನ ಪಾಲಿನಿಂದ ತೆಗೆದುಕೊಟ್ಟಂತಾಯಿತು. ಎರಡು ವರ್ಷದ ಮೇಲೆ ಮೆಕ್ಸಿಕೊದಲ್ಲೂ ಕ್ಲಾರ್ಕ್ ಗೆಲ್ಲಲಿಲ್ಲ. ಆರನೆಯವರಾಗಿ ಮುಗಿಸಿ ಕುಸಿದುಬಿದ್ದರು. ಆದರೆ ಕೊಟ್ಟ ಆ ಪದಕದ ಬೆಲೆ ಅದರಿಂದ ಕಡಿಮೆಯಾಗಲಿಲ್ಲ.

ನಾನು ಈ ಕಥೆ ಓದಿ ಹೇಳಿದಾಗ ನಮ್ಮವರು ಅಂದರು: "ಪರಿಗ್ರಹ ಕಡಿಮಿ ಮಾಡಬೇಕು, ಖರೇ. ಆದರ ಏನು ಬಿಡಾಕತ್ತೀವಿ ಅಂತ ತಿಳಿದು ಬಿಟ್ಟರ ಅದು ತ್ಯಾಗ. ತಿಳಿಯದs ಬಿಟ್ಟರ ಬರೇ ಕಸಾ ಹೊಡದಂಗ." ನನಗೆ ಈ ಮಾತು ಬಹಳ ಹಿಡಿಸಿತು. ನಮ್ಮ ಮನೆಗಳಲ್ಲಿ ಪದಕವೇ ಇರಬೇಕೆಂದಿಲ್ಲ. ಅಜ್ಜನ ಹಳೆಯ ತಕ್ಕಡಿ ಇರಬಹುದು, ಅಜ್ಜಿಯ ಹೊಲಿಗೆ ಪೆಟ್ಟಿಗೆ ಇರಬಹುದು, ಮಗಳ ಶಾಲೆಯ ಬಹುಮಾನದ ಬಟ್ಟಲಿರಬಹುದು. ಇಡುವುದೋ ಬಿಡುವುದೋ ಆಮೇಲಿನ ಮಾತು. ಮೊದಲು ಕೇಳಿ ತಿಳಿದುಕೊಳ್ಳಬೇಕು, ಹೇಳುವವರು ಇರುವಾಗಲೇ.

ನಾವು ಮಾಡಿದ್ದನ್ನು ಹೇಳುತ್ತೇನೆ, ಬೇಕಾದವರಿಗೆ ಉಪಯೋಗವಾದೀತು. ಪ್ರತಿ ಪದಕದ ರಿಬ್ಬನ್ನಿಗೆ ಬಿಳಿ ಬಟ್ಟೆಯ ಒಂದು ಸಣ್ಣ ಪಟ್ಟಿ ಹೊಲಿದೆ. ಅದರ ಮೇಲೆ ಊರು, ವರ್ಷ, ದೂರ. ಅದೇ ಅಂಕಿಗೆ ಪುಸ್ತಕದಲ್ಲಿ ನಾಲ್ಕು ಸಾಲಿನ ಸಂಗತಿ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು, ನನ್ನ ಹಾಗೆ ಹುಣಸೆಹಣ್ಣಿನ ಸಾಹಸ ಮಾಡಬೇಡಿ. ಪಸೆ ತಾಗದಂತೆ ಒಣಗಿದ ಡಬ್ಬಿಯಲ್ಲಿಡಿ.

ಆಮೇಲೆ ಆರಿಸಿದೆವು. ಮೊದಲನೆಯ ಓಟದ್ದು, ೨೦೧೨ರದ್ದು, ಸಾತಾರಾದ್ದು ಮತ್ತು ನಾನು ಬಣ್ಣ ಕಳೆದದ್ದು ಸೇರಿ ಏಳು ಪದಕಗಳನ್ನು ಇಟ್ಟುಕೊಂಡೆವು. ಒಂದು ಗುಮಾಸ್ತರ ಮನೆಗೆ ಹೋಯಿತು. ಉಳಿದವುಗಳಿಗೆ ಒಂದು ದಾರಿ ನಮಗೆ ದೂರದ ಒಂದು ಉದಾಹರಣೆಯಿಂದ ಹೊಳೆಯಿತು. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಒಬ್ಬ ವೈದ್ಯರು ೨೦೦೫ರಲ್ಲಿ ಒಂದು ಸಂಸ್ಥೆ ಕಟ್ಟಿದ್ದಾರೆ. ದೊಡ್ಡ ಓಟ ಮುಗಿಸಿದವರು ತಮ್ಮ ಪದಕವನ್ನು ಅದಕ್ಕೆ ಕೊಡುತ್ತಾರೆ. ಅದು ಆಸ್ಪತ್ರೆಯಲ್ಲಿ ಕಠಿಣ ರೋಗದೊಡನೆ ಹೋರಾಡುತ್ತಿರುವ ಮಕ್ಕಳ, ದೊಡ್ಡವರ ಕೊರಳಿಗೆ ಬೀಳುತ್ತದೆ. ನಿನ್ನದೂ ಒಂದು ಉದ್ದನೆಯ ಓಟವೇ ಎಂದು ಹೇಳುವ ರೀತಿ ಅದು. ನಾವು ನಮ್ಮ ಅಳತೆಗೆ ತಕ್ಕಂತೆ ಮಾಸ್ತರರು ಕಲಿಸುತ್ತಿದ್ದ ಕನ್ನಡ ಶಾಲೆಗೆ ಕೊಟ್ಟೆವು. ಮಕ್ಕಳ ಆಟೋಟದ ದಿನ, ಎಲ್ಲರಿಗಿಂತ ಕೊನೆಗೆ ಬಂದರೂ ಓಟ ಬಿಡದೆ ಮುಗಿಸಿದ ಮಗುವಿಗೆ ಒಂದೊಂದು ಕೊಡಿರೆಂದು ಕೇಳಿಕೊಂಡೆವು. ಕಥೆಗಳು ಪುಸ್ತಕದಲ್ಲಿದ್ದುದರಿಂದ ಕೊಡುವಾಗ ನಮ್ಮವರ ಕೈ ಹಿಂಜರಿಯಲಿಲ್ಲ.

ಪುಣೆಗೆ ಹೊರಟಾಗ ಮಗ ಒಂದು ಪದಕ ಕೇಳಿದ. ೪೨ ಕಿಲೋಮೀಟರಿನದನ್ನು ಕೇಳುತ್ತಾನೆಂದು ನಾನು ತಿಳಿದಿದ್ದೆ. ಅವನು ಕೇಳಿದ್ದು ೨೦೧೦ರದ್ದು, ಮುಂದಿನ ವರ್ಷದ ಖಾಲಿ ಜಾಗಕ್ಕೆ ಅಂಟಿಕೊಂಡಿರುವುದು. ಯಾಕೆಂದು ನಮ್ಮವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲಿಳಿದು ಗಾಡಿಯವರೆಗೂ ಹೋಗಿ ಬೀಳ್ಕೊಟ್ಟು ಬಂದರು.

ಓಣಿಯಲ್ಲಿ ಈಗಲೂ ಗಾಡಿಯವನು ಕೂಗುತ್ತ ಬರುತ್ತಾನೆ. ಅವನಿಗೆ ಕೊಡಬೇಕಾದ್ದನ್ನು ಕೊಡುತ್ತೇನೆ. ಕೊಡುವ ಮೊದಲು ಮಾತ್ರ ಒಮ್ಮೆ ಮನೆಯ ಹಿರಿಯರನ್ನು ಕೇಳುತ್ತೇನೆ: "ಇದರದೇನಾದರೂ ಕಥಿ ಅದ ಏನ್ರಿ?"

ತಾವೂ ಕೇಳಿ ನೋಡಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.